ಬೇಲೀಫ್ ಮನೆಯ ವಯಸ್ಸೆಷ್ಟು? ಕೆಂಟ್‌ನ ಒಂದು ಮರದ ಮನೆಯ ಪ್ರಕರಣ

ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಜಿಲ್ಲೆಯಲ್ಲಿ ಚಿಡಿಂಗ್‌ಸ್ಟೋನ್ ಅಂತ ಒಂದು ಹಳ್ಳಿ ಇದೆ. 1960ರ ದಶಕದ ಕೊನೆಯಲ್ಲಿ ಅದರ ಸೀಮೆಯಲ್ಲಿ ಬೌ ಬೀಚ್ ಅನ್ನುವ ಜಲಾಶಯ ಕಟ್ಟಿದರು. ನೀರು ನಿಲ್ಲಬೇಕಾದ ತಗ್ಗಿನಲ್ಲಿ ಹಳೆಯ ರೈತರ ಮನೆಗಳಿದ್ದವು. ಅವುಗಳಲ್ಲಿ ಒಂದು ಬೇಲೀಫ್. ಓಕ್ ಮರದ ಚೌಕಟ್ಟಿನ, ದೊಡ್ಡ ಮಾಡಿನ, ಐದು ನೂರು ವರ್ಷಕ್ಕೂ ಹಳೆಯ ಮನೆ.

ಅದನ್ನು ನೀರಿಗೆ ಬಿಡಲಿಲ್ಲ. 1968–69ರಲ್ಲಿ ಮನೆಯನ್ನು ಬಿಚ್ಚಿದರು. ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಹಳ್ಳಿಯಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ಮ್ಯೂಸಿಯಂಗೆ ಮರಗಳನ್ನು ಸಾಗಿಸಿದರು. 1972ರಲ್ಲಿ ಅಲ್ಲಿ ಮತ್ತೆ ಎಬ್ಬಿಸಿದರು. ಜಾಗದಲ್ಲೇ ಉಳಿಸಲಾಗದ ಇಂಥ ಮನೆಗಳಿಗಾಗಿಯೇ ರಾಯ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಜೊತೆಗಾರರು 1967ರಲ್ಲಿ ಈ ಮ್ಯೂಸಿಯಂ ಕೆಲಸ ಶುರು ಮಾಡಿದ್ದರು.

ಬಿಚ್ಚುವುದು ಕಷ್ಟದ ಕೆಲಸ, ಆದರೆ ಅದರ ದಾರಿ ಗೊತ್ತಿತ್ತು. ನಿಜವಾದ ಕಗ್ಗಂಟು ಮತ್ತೆ ಕಟ್ಟುವಾಗ ಬಂತು. ಏಕೆಂದರೆ ಬಿಚ್ಚಿದ್ದು ಒಂದು ಮನೆಯಲ್ಲ, ಒಂದರ ಮೇಲೊಂದು ಕೂತಿದ್ದ ಹಲವು ಮನೆ. ಮೊದಲು ಕಟ್ಟಿದ್ದು ಒಂದು, ಸೇರಿಸಿದ್ದು ಇನ್ನೊಂದು, ಒಳಗೆಲ್ಲ ಬದಲಾಯಿಸಿದ್ದು ಮತ್ತೊಂದು. ಇವುಗಳಲ್ಲಿ ಯಾವುದನ್ನು ಕಟ್ಟಬೇಕು?

ನಾಲ್ಕು ಅಂಕಣದ ಮನೆ

ಈಗ ಸಿಂಗಲ್‌ಟನ್‌ನಲ್ಲಿ ನಿಂತಿರುವ ಬೇಲೀಫ್ ನಾಲ್ಕು ಅಂಕಣದ್ದು, ಅಂದರೆ ಕಂಬದ ಸಾಲುಗಳ ನಡುವಿನ ನಾಲ್ಕು ಭಾಗದ್ದು. ನಡುವಿನ ಎರಡು ಅಂಕಣ ಸೇರಿ ಒಂದೇ ದೊಡ್ಡ ನಡುಮನೆ. ಅದಕ್ಕೆ ಮಹಡಿ ಇಲ್ಲ, ಅಟ್ಟವೂ ಇಲ್ಲ. ನೆಲದಿಂದ ಮಾಡಿನವರೆಗೆ ಬರೀ ಖಾಲಿ ಜಾಗ. ಎರಡೂ ತುದಿಯ ಅಂಕಣಗಳಿಗೆ ಮಾತ್ರ ಮಹಡಿ ಇದೆ. ಆ ಮಹಡಿಗಳು ಕೆಳಗಿನ ಗೋಡೆಗಿಂತ ಸ್ವಲ್ಪ ಮುಂದಕ್ಕೆ ಚಾಚಿವೆ. ಆದರೆ ಇಡೀ ಮನೆಗೆ ಮಾಡು ಒಂದೇ. ಹಾಗಾಗಿ ನಡುಮನೆಯ ಮುಂದಿನ ಗೋಡೆ ಸೂರಿನಡಿಯಲ್ಲಿ ಹಿಂದಕ್ಕೆ ಸರಿದು ನಿಂತ ಹಾಗೆ ಕಾಣುತ್ತದೆ. ಆ ಸೂರಿನ ತೊಲೆಗೆ ಎರಡೂ ಬದಿಯಿಂದ ಬಾಗಿದ ಮರಗಳು ಆಸರೆ ಕೊಡುತ್ತವೆ. ಕೆಂಟ್ ಮತ್ತು ಸಸೆಕ್ಸ್‌ನಲ್ಲಿ ಈ ಮಾದರಿ ಜಾಸ್ತಿ. ಆ ಸೀಮೆಗೆ ವೀಲ್ಡ್ ಅಂತ ಹೆಸರಿರುವುದರಿಂದ ಇವನ್ನು ವೀಲ್ಡನ್ ಮನೆ ಅನ್ನುತ್ತಾರೆ.

ಒಳಗಿನ ಏರ್ಪಾಟು ಆ ಕಾಲದ ಬದುಕನ್ನು ನೇರವಾಗಿ ಹೇಳುತ್ತದೆ. ನಡುಮನೆಯ ಒಂದು ತುದಿಯಲ್ಲಿ ಎದುರುಬದುರು ಎರಡು ಬಾಗಿಲು. ಒಂದರಿಂದ ಬಂದು ಇನ್ನೊಂದರಿಂದ ಹಿತ್ತಲಿಗೆ ಹೋಗಬಹುದು. ಈ ಓಣಿಯ ಆಚೆಗೆ ಎರಡು ಉಗ್ರಾಣ. ಒಂದರಲ್ಲಿ ಬಿಯರ್ ಮತ್ತು ಪೀಪಾಯಿಗಳು, ಇನ್ನೊಂದರಲ್ಲಿ ರೊಟ್ಟಿ ಮುಂತಾದ ಒಣ ಪದಾರ್ಥ. ಅವುಗಳ ಮೇಲೆ ಒಂದು ಕೋಣೆ. ನಡುಮನೆಯ ಇನ್ನೊಂದು ತುದಿ ಯಜಮಾನನದು. ಊಟದ ದೊಡ್ಡ ಮೇಜು ಅಲ್ಲಿ. ಅದರ ಹಿಂದಿನ ಗೋಡೆ ದಾಟಿದರೆ ಮನೆಯವರ ಖಾಸಗಿ ಕೋಣೆ, ಅದರ ಮೇಲೆ ಮಲಗುವ ದೊಡ್ಡ ಕೋಣೆ. ಆ ಮೇಲಿನ ಕೋಣೆಗೆ ಅಂಟಿಕೊಂಡು ಗೋಡೆಯಿಂದ ಹೊರಕ್ಕೆ ಚಾಚಿದ ಒಂದು ಚಿಕ್ಕ ಪಾಯಖಾನೆ. ಕೆಳಗೆ ಗುಂಡಿ.

ಬೆಂಕಿ ನಡುಮನೆಯ ನೆಲದ ಮೇಲೆ ಉರಿಯುತ್ತಿತ್ತು. ಹೊಗೆಗೂಡು ಇಲ್ಲ. ಹೊಗೆ ಮೇಲಕ್ಕೆ ಏರಿ, ಮಾಡಿನ ತುಂಬ ಸುತ್ತಾಡಿ, ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಕಿಟಕಿಗಳಿಗೆ ಗಾಜಿಲ್ಲ. ಮರದ ಸರಳು, ಒಳಗಡೆ ಕದ ಅಷ್ಟೇ. ಚಳಿಗೆ ಕದ ಮುಚ್ಚಿದರೆ ಬೆಳಕೂ ಹೋಗುತ್ತಿತ್ತು.

ಇನ್ನೊಂದು ವಿಷಯ ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಎರಡು ತುದಿಯ ಮಹಡಿಗಳಿಗೆ ಒಂದಕ್ಕೊಂದು ದಾರಿ ಇಲ್ಲ. ನಡುವೆ ಮಾಡಿನವರೆಗೆ ತೆರೆದ ನಡುಮನೆ ಇದೆಯಲ್ಲ, ಅದನ್ನು ಗಾಳಿಯಲ್ಲಿ ದಾಟುವುದು ಹೇಗೆ? ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಏಣಿ ಇಳಿದು, ಬೆಂಕಿಯ ಪಕ್ಕ ಹಾದು, ಇನ್ನೊಂದು ಏಣಿ ಹತ್ತಬೇಕು. ಮನೆಯಲ್ಲಿ ಯಾರು ಎಲ್ಲಿಗೆ ಹೋದರೂ ಎಲ್ಲರ ಕಣ್ಣಿಗೆ ಬೀಳುತ್ತಿದ್ದರು. ಆಳುಗಳೂ ಮನೆಯವರೂ ಅದೇ ಬೆಂಕಿಯ ಸುತ್ತ ಇರುತ್ತಿದ್ದರು.

ಇದು ಅರಮನೆಯಲ್ಲ, ಬಡವರ ಗುಡಿಸಲೂ ಅಲ್ಲ. 1348–49ರ ಪ್ಲೇಗ್‌ನಲ್ಲಿ ಇಂಗ್ಲೆಂಡಿನ ಜನಸಂಖ್ಯೆ ಭಾರಿ ಪ್ರಮಾಣದಲ್ಲಿ ಕುಸಿದಿತ್ತು. ಉಳಿದವರ ಪಾಲಿಗೆ ಹೆಚ್ಚು ಭೂಮಿ ಬಂತು, ಕೂಲಿಯೂ ಏರಿತು. ಮುಂದಿನ ಎರಡು ಮೂರು ತಲೆಮಾರಿನಲ್ಲಿ ಅನುಕೂಲಸ್ಥ ರೈತರ ಒಂದು ಗುಂಪು ಮೇಲೆದ್ದಿತು. ನುರಿತ ಬಡಗಿಗೆ ಕೂಲಿ ಕೊಟ್ಟು, ತಲೆಮಾರುಗಳ ಕಾಲ ಬಾಳುವ ಮನೆ ಕಟ್ಟಿಸಿಕೊಂಡವರು ಅವರು.

ಮರ ಏನೇನು ನೆನಪಿಟ್ಟುಕೊಂಡಿದೆ

ಕಲ್ಲಿನ ಕಟ್ಟಡಕ್ಕಿಂತ ಮರದ ಚೌಕಟ್ಟನ್ನು ಓದುವುದು ಸುಲಭ ಅಂತ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಕಟ್ಟುವ ವಿಧಾನವೇ.

ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಮೇಲೆ ಅದು ಕೊಡಲಿಗೂ ಉಳಿಗೂ ಬಗ್ಗುವುದಿಲ್ಲ. ಬಡಗಿಗಳು ಕಂಬ, ತೊಲೆಗಳನ್ನು ನೆಲದ ಮೇಲೆ ಹರಡಿ, ಗೋಡೆಗೊಂದರಂತೆ ಮಲಗಿಸಿ ಜೋಡಿಸುತ್ತಿದ್ದರು. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ಎರಡನ್ನೂ ಸೇರಿಸಿ ಬೈರಿಗೆಯ ತೂತಿಗೆ ಓಕ್‌ನ ಗೂಟ. ನಾಲಿಗೆಯ ತೂತನ್ನು ಬೇಕೆಂದೇ ಸ್ವಲ್ಪ ಒಳಕ್ಕೆ ಕೊರೆಯುತ್ತಿದ್ದರು. ಗೂಟ ಬಡಿದಾಗ ಎರಡು ಮರ ಒಂದನ್ನೊಂದು ಎಳೆದುಕೊಂಡು ಬಿಗಿಯಾಗುತ್ತಿದ್ದವು. ಯಾವ ಮರವೂ ಪೂರ್ತಿ ನೇರ ಇರುವುದಿಲ್ಲ. ಹಾಗಾಗಿ ಪ್ರತಿ ಕೂಡುವಿಕೆಯನ್ನೂ ಅದರ ಜೋಡಿಗೆ ಮಾತ್ರ ಸರಿಹೊಂದುವಂತೆ ಅಳೆದು ಕೆತ್ತಬೇಕಿತ್ತು. ಗೊಂದಲ ಆಗದಿರಲಿ ಅಂತ ಎರಡೂ ಮರಕ್ಕೆ ಒಂದೇ ಗುರುತು ಗೀರುತ್ತಿದ್ದರು, ಸಾಮಾನ್ಯವಾಗಿ ರೋಮನ್ ಅಂಕಿ. ಆಮೇಲೆ ಬಿಚ್ಚಿ, ಗಾಡಿಯಲ್ಲಿ ಮನೆಯ ಜಾಗಕ್ಕೆ ಒಯ್ದು, ಎಬ್ಬಿಸಿ ನಿಲ್ಲಿಸುತ್ತಿದ್ದರು.

ಅಂದರೆ ಇಂಥ ಮನೆ ಹುಟ್ಟುವ ಮೊದಲೇ ಒಮ್ಮೆ ಬಿಚ್ಚಿಸಿಕೊಂಡಿರುತ್ತದೆ. 1968ರಲ್ಲಿ ಬೇಲೀಫನ್ನು ಬಿಚ್ಚಿ ಸಾಗಿಸಲು ಆಗಿದ್ದಕ್ಕೂ ಮೂಲ ಕಾರಣ ಇದೇ. ಇಟ್ಟಿಗೆ, ಮಣ್ಣಿನ ಮನೆಗೆ ಈ ಭಾಗ್ಯ ಅಷ್ಟು ಸುಲಭವಾಗಿ ಇಲ್ಲ.

ಕಟ್ಟಿದ ಕ್ರಮ ಮರದಲ್ಲೇ ಬರೆದಿಟ್ಟಿರುವುದರಿಂದ ಕಿತ್ತ ಗುರುತೂ ಅಲ್ಲೇ ಇರುತ್ತದೆ. ತೊಲೆಯ ಕೆಳಮೈಯಲ್ಲಿ ಸಾಲಾಗಿ ಓರೆ ಚೌಕದ ಸಣ್ಣ ಗುಳಿಗಳಿದ್ದರೆ ಅಲ್ಲಿ ಕಿಟಕಿಯ ಮರದ ಸರಳುಗಳಿದ್ದವು ಅಂತ ಅರ್ಥ. ಪಕ್ಕದಲ್ಲಿ ಉದ್ದನೆಯ ತೋಡು ಇದ್ದರೆ ಅದು ಜಾರುವ ಕದದ್ದು. ಸಾಲು ತೂತುಗಳಿದ್ದರೆ ಅಲ್ಲಿ ಗೋಡೆ. ಮೇಲಿನ ಮರದ ತೂತಿಗೆ ಓಕ್‌ನ ಕಡ್ಡಿ ಸಿಕ್ಕಿಸಿ, ಕೆಳಗಿನ ಮರದ ತೋಡಿಗೆ ಕೂರಿಸಿ, ಅದಕ್ಕೆ ಹೇಜಲ್ ಗಿಡದ ಬರಲುಗಳನ್ನು ಹೆಣೆದು ತಟ್ಟಿ ಮಾಡುತ್ತಿದ್ದರು. ಮೇಲೆ ಜೇಡಿಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಮೆತ್ತುತ್ತಿದ್ದರು. ಗೋಡೆ ಹೋದರೂ ತೂತು ಉಳಿಯುತ್ತದೆ. ಗೂಟದ ತೂತಿದೆ, ಮರ ಇಲ್ಲ ಅಂದರೆ ಅಲ್ಲಿ ಒಂದು ಮರ ಇತ್ತು, ಯಾರೋ ತೆಗೆದಿದ್ದಾರೆ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಮಸಿ. ಅಜ್ಜಿ ಮನೆಯ ಸೌದೆ ಒಲೆಯ ಮೇಲೆ ಜಂತೆಗೆ ಹಿಡಿಯುತ್ತಿದ್ದ ಇಲ್ಲಣ ನೆನಪಿದೆ ಅಲ್ವಾ? ತೆರೆದ ನಡುಮನೆಯ ಮಾಡಿಗೂ ಹಾಗೇ ಹಿಡಿಯುತ್ತಿತ್ತು, ತಲೆಮಾರುಗಟ್ಟಲೆ. ಮುಂದೆ ಮಹಡಿ ಬಂದು, ಮಾಡು ಕಣ್ಣಿಗೆ ಮರೆಯಾದರೂ ಮೇಲಿನ ಮರಗಳ ಕಪ್ಪು ಹೋಗುವುದಿಲ್ಲ. ಇಂಗ್ಲೆಂಡಿನ ಹಳೆಯ ಮನೆಗಳನ್ನು ಪರೀಕ್ಷಿಸುವವರು ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತುವುದು ಇದಕ್ಕೇ. ಮರ ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ನಡುಮನೆ. ಎಲ್ಲಿ ಥಟ್ಟನೆ ನಿಲ್ಲುತ್ತದೋ ಅಲ್ಲಿ ಮಾಡಿನವರೆಗೆ ಮುಟ್ಟುವ ಗೋಡೆ ಇತ್ತು.

ಎರಡು ತಾರೀಕು

ಈಗ ಬೇಲೀಫ್‌ನ ನಿಜವಾದ ಸ್ವಾರಸ್ಯಕ್ಕೆ ಬರೋಣ. ಎದುರಿನಿಂದ ನೋಡಿದರೆ ಮನೆ ಒಂದೇ ಕೈಯಲ್ಲಿ, ಒಂದೇ ಯೋಚನೆಯಲ್ಲಿ ಹುಟ್ಟಿದ ಹಾಗಿದೆ. ಎಡಕ್ಕೊಂದು ಮಹಡಿ, ಬಲಕ್ಕೊಂದು ಮಹಡಿ, ನಡುವೆ ಒಳಸರಿದ ನಡುಮನೆ. ಅಷ್ಟು ಹದವಾದ ಜೋಡಣೆ.

ಮರದ ಉಂಗುರ ಬೇರೆ ಕತೆ ಹೇಳುತ್ತದೆ. ಓಕ್ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಹದವಾದ ವರ್ಷ ಅಗಲ, ಕೆಟ್ಟ ವರ್ಷ ಸಣ್ಣ. ಈ ಅಗಲ ಸಣ್ಣಗಳ ಸಾಲು ಒಂದು ಸೀಮೆಯ ಮರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ತಾರೀಕು ಗೊತ್ತಿರುವ ಸಾಲಿನ ಜೊತೆ ಹೋಲಿಸಿದರೆ ಆ ಮರ ಯಾವ ವರ್ಷಗಳಲ್ಲಿ ಬೆಳೆಯಿತು ಅಂತ ಸಿಗುತ್ತದೆ. ತೊಗಟೆಯ ಅಂಚು ಉಳಿದಿದ್ದರೆ ಕಡಿದ ವರ್ಷವೇ ಸಿಗುತ್ತದೆ. ಹೊರಗಿನ ಉಂಗುರಗಳು ಹೋಗಿದ್ದರೆ ಲೆಕ್ಕ ಹಾಕಬೇಕು. ಚೇಗಿನ, ಅಂದರೆ ಮರದ ಗಟ್ಟಿ ತಿರುಳಿನ, ಸುತ್ತ ಇರುವ ಬಿಳಿ ಭಾಗದಲ್ಲಿ ದಕ್ಷಿಣ ಇಂಗ್ಲೆಂಡಿನ ಓಕ್‌ಗೆ ಸಾಮಾನ್ಯವಾಗಿ 9ರಿಂದ 41 ಉಂಗುರ ಇರುತ್ತವೆ. ಆಗ ಒಂದೇ ವರ್ಷದ ಬದಲು ಒಂದು ಅವಧಿ ಸಿಗುತ್ತದೆ.

ಬೇಲೀಫ್‌ನ ನಡುಮನೆ ಮತ್ತು ಉಗ್ರಾಣದ ತುದಿಯ ಮರಗಳಿಗೆ ಸಿಕ್ಕ ಕಾಲ 1405ರಿಂದ 1430ರ ನಡುವೆ. ಯಜಮಾನನ ತುದಿಯ ಅಂಕಣದ ಮರಗಳಿಗೆ ಸಿಕ್ಕಿದ್ದು 1509–10. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ಸಿಂಹಾಸನ ಏರಿದ ವರ್ಷ ಅದು. ವಿಜಯನಗರದಲ್ಲಿ ಕೃಷ್ಣದೇವರಾಯನಿಗೆ ಪಟ್ಟವಾದದ್ದೂ 1509ರಲ್ಲೇ.

ಎರಡರ ನಡುವಿನ ಅಂತರ ನೋಡಿ. ಕಡಿಮೆ ಅಂದರೂ ಸುಮಾರು 80 ವರ್ಷ. ಮನೆ ಕಟ್ಟಿಸಿದವನ ಮೊಮ್ಮಕ್ಕಳ ಕಾಲ ದಾಟಿತ್ತು. ಆಗಿನ ಒಡೆಯ ಆ ತುದಿಯನ್ನು ಹೊಸದಾಗಿ ಕಟ್ಟಿಸಿದ. ಆದರೆ ತನ್ನ ಕಾಲದ ಹೊಸ ಮಾದರಿಯನ್ನು ತಂದು ಅಂಟಿಸಲಿಲ್ಲ. ಎದುರು ತುದಿಯನ್ನು ನೋಡಿಕೊಂಡು, ಹಳೆಯ ಮಾಡಿಗೆ ಹೊಂದುವಂತೆ, ಮನೆಯ ರೂಪ ಪೂರ್ತಿಯಾಗುವಂತೆ ಕಟ್ಟಿಸಿದ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ನಾವು ಯಾವುದನ್ನು ಮೂಲ ರೂಪ ಅಂತ ಮೆಚ್ಚುತ್ತೇವೋ ಅದೇ ಒಂದು ಬದಲಾವಣೆ. ನಾಲ್ಕು ಅಂಕಣದ ಈ ಚೆಂದದ ಮನೆ ಮೊದಲ ಒಡೆಯನ ಕಣ್ಣಿಗೆ ಬೀಳಲೇ ಇಲ್ಲ. ಅವನು ಬಾಳಿದ ಮನೆಯಲ್ಲಿ ಈ ತುದಿ ಇರಲಿಲ್ಲ.

ಹೊಗೆಗೂಡು ಬಂತು

ಮುಂದಿನ ದೊಡ್ಡ ಬದಲಾವಣೆ ಬೇಲೀಫ್‌ಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನ ದಕ್ಷಿಣದ ಹಳ್ಳಿಗಳಲ್ಲೆಲ್ಲ ಬಂತು. ಎಸ್ಸೆಕ್ಸ್‌ನ ರ‍್ಯಾಡ್‌ವಿಂಟರ್ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಇದನ್ನು ದಾಖಲಿಸಿದ್ದಾನೆ. ಊರಿನ ಮುದುಕರು ತಮ್ಮ ಕಾಲದಲ್ಲಿ ಮೂರು ವಿಷಯ ವಿಪರೀತ ಬದಲಾದವು ಅನ್ನುತ್ತಿದ್ದರಂತೆ. ಅದರಲ್ಲಿ ಮೊದಲನೆಯದು ಹೊಸದಾಗಿ ಎದ್ದ ಹೊಗೆಗೂಡುಗಳು. ಅವರು ಚಿಕ್ಕವರಿದ್ದಾಗ ಹಳ್ಳಿಯಲ್ಲಿ ಎರಡೋ ಮೂರೋ ಇದ್ದರೆ ಹೆಚ್ಚು. ಇನ್ನೆರಡು ಬದಲಾವಣೆ ಹಾಸಿಗೆ ಮತ್ತು ಊಟದ ಪಾತ್ರೆ. ಹಳ್ಳಿಯ ಮನೆಗಳು ಈ ಕಾಲದಲ್ಲಿ ಎಷ್ಟು ವ್ಯಾಪಕವಾಗಿ ಬದಲಾದವು ಅಂದರೆ, ಇತಿಹಾಸಕಾರ ಡಬ್ಲ್ಯೂ. ಜಿ. ಹಾಸ್ಕಿನ್ಸ್ 1953ರಲ್ಲಿ 1570ರಿಂದ 1640ರ ಅವಧಿಯನ್ನು ಮಹಾ ಮರುನಿರ್ಮಾಣದ ಕಾಲ ಅಂತ ಕರೆದರು. ಆ ತಾರೀಕುಗಳ ಬಗ್ಗೆ ಆಮೇಲೆ ಬೇಕಾದಷ್ಟು ಚರ್ಚೆ ಆಗಿದೆ. ಬದಲಾವಣೆ ಆಯಿತು ಅನ್ನುವುದರಲ್ಲಿ ತಕರಾರಿಲ್ಲ.

ಬೇಲೀಫ್‌ನ ಒಳಗೂ ಇಟ್ಟಿಗೆಯ ಹೊಗೆಗೂಡು ಎದ್ದಿತು. ನಡುಮನೆಗೆ ಮಹಡಿ ಬಂತು. ಕೇಳಲು ಸಣ್ಣ ರಿಪೇರಿ ಅನಿಸಬಹುದು. ಆದರೆ ಮನೆಯ ಲೆಕ್ಕವೇ ತಲೆಕೆಳಗಾಯಿತು.

ಹೊಗೆ ಒಂದು ಕೊಳವೆಯೊಳಗೆ ಹೋದ ಮೇಲೆ ಎತ್ತರದ ಖಾಲಿ ಜಾಗದ ಅಗತ್ಯವೇ ಇಲ್ಲ. ಅಲ್ಲಿ ತೊಲೆ ಹಾಕಿ, ಹಲಗೆ ಹೊಡೆದರೆ ಇನ್ನೊಂದು ಕೋಣೆ. ಅದು ಬಂದ ಮೇಲೆ ಎರಡು ಮಹಡಿಗಳು ಸೇರುತ್ತವೆ, ಮೇಲೆಯೇ ಓಡಾಡಬಹುದು. ಒಂದೇ ಹೊಗೆಗೂಡಿನ ಎರಡು ಬದಿಗೂ, ಮೇಲೂ ಕೆಳಗೂ ಬೆಂಕಿಗೂಡು ಮಾಡಬಹುದು. ಆಗ ಮನೆಗೆ ಒಂದೇ ಬೆಂಕಿ ಇರುವುದಿಲ್ಲ. ಅಡುಗೆಗೆ ಒಂದು, ಕೂರುವ ಕೋಣೆಗೆ ಇನ್ನೊಂದು. ಆಳುಗಳ ಬೆಂಕಿ ಬೇರೆ, ಒಡೆಯನ ಬೆಂಕಿ ಬೇರೆ. ಎಲ್ಲರೂ ಒಂದೇ ಹೊಗೆಯಲ್ಲಿ ಕೂತು ಉಣ್ಣುತ್ತಿದ್ದ ಮನೆ ಕೋಣೆ ಕೋಣೆಯಾಗಿ ಒಡೆಯಿತು. ಕೆಳಗಿನ ಕೋಣೆಗಳ ತಲೆಮಟ್ಟ ಇಳಿಯಿತು. ಕಿಟಕಿಗೆ ಗಾಜು ಬಂತು. ಮಸಿ ಹಿಡಿದ ಮಾಡು ಹೊಸ ಮಹಡಿಯ ಮೇಲೆ ಕತ್ತಲಲ್ಲಿ ಉಳಿಯಿತು.

ಇದನ್ನು ಹಾಳುಗೆಡವಿದ್ದು ಅಂತ ಕರೆಯಲು ನನಗೆ ಮನಸ್ಸಿಲ್ಲ. ಹೊಗೆ ಕುಡಿದು ಕೆಮ್ಮುವುದು ತಪ್ಪಿತು. ಮಕ್ಕಳಿಗೆ ಬೆಚ್ಚಗಿನ ಕೋಣೆ ಸಿಕ್ಕಿತು. ಬೇಲೀಫ್ 20ನೇ ಶತಮಾನದವರೆಗೆ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಈ ಬದಲಾವಣೆಯಿಂದಲೇ. ಬದಲಾಗದೆ ಇದ್ದಿದ್ದರೆ ಯಾರೋ ಒಬ್ಬರು ಅದನ್ನು ಕೊಟ್ಟಿಗೆ ಮಾಡುತ್ತಿದ್ದರು, ಇಲ್ಲವೇ ಕೆಡವಿ ಮರ ಮಾರುತ್ತಿದ್ದರು.

1972ರ ತೀರ್ಮಾನ

ಸಿಂಗಲ್‌ಟನ್‌ನಲ್ಲಿ ಮರಗಳನ್ನು ಹರಡಿಕೊಂಡು ಕೂತವರ ಮುಂದೆ ದಾರಿ ಹಲವು ಇದ್ದವು. ಸಿಕ್ಕ ಹಾಗೆಯೇ, ಹೊಗೆಗೂಡು ಮಹಡಿ ಸಮೇತ ಕಟ್ಟಬಹುದಿತ್ತು. 15ನೇ ಶತಮಾನದ ಮೊದಲ ಮನೆಗೆ ಮರಳಬಹುದಿತ್ತು, ಆದರೆ ಆಗ ಒಂದು ತುದಿಯನ್ನೇ ಬಿಡಬೇಕಿತ್ತು. ಅವರು ನಡುವಿನ ದಾರಿ ಆರಿಸಿದರು. ತುದಿಯ ಅಂಕಣ ಸೇರಿದ ಮೇಲಿನ, ಹೊಗೆಗೂಡು ಬರುವ ಮುಂಚಿನ ಮನೆ. 16ನೇ ಶತಮಾನದ ಮೊದಲ ಭಾಗದ ರೂಪ. ಆಮೇಲೆ ಬಂದ ಹೊಗೆಗೂಡು, ಮಹಡಿ ಹೊರಗುಳಿದವು. ಹೋಗಿದ್ದ ಮರಗಳ ಜಾಗಕ್ಕೆ ಹೊಸ ಓಕ್ ಬಂತು. ಸರಳಿನ ಕಿಟಕಿ, ಕದ, ತಟ್ಟಿ ಗೋಡೆಗಳನ್ನು ಮರದಲ್ಲಿದ್ದ ಗುರುತುಗಳ ಮೇಲೆ ಮರುರೂಪಿಸಿದರು.

ಇದರಲ್ಲಿ ಸರಿ ಯಾವುದು, ತಪ್ಪು ಯಾವುದು? ಈ ಚರ್ಚೆ ಇಂಗ್ಲೆಂಡಿನಲ್ಲಿ ಹಳೆಯದು. 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಆಗ ಚರ್ಚುಗಳ ಜೀರ್ಣೋದ್ಧಾರ ಮಾಡುವವರು ಒಂದು ಶತಮಾನವನ್ನು ಮೆಚ್ಚಿ, ಉಳಿದ ಶತಮಾನಗಳ ಕೆಲಸವನ್ನೆಲ್ಲ ಕಿತ್ತು ಹಾಕುತ್ತಿದ್ದರು. ಮಾರಿಸ್‌ಗೆ ಅದು ಸಹಿಸಲಿಲ್ಲ. ಪ್ರತಿ ಕಾಲದ ಬದಲಾವಣೆಯೂ ಕಟ್ಟಡದ ಇತಿಹಾಸವೇ, ಅದನ್ನು ಅಳಿಸಬೇಡಿ, ಸೋರುವುದನ್ನು ಮುಚ್ಚಿ, ವಾಲುವುದಕ್ಕೆ ಆಸರೆ ಕೊಡಿ ಅನ್ನುವುದು ಅವರ ನಿಲುವು.

ಆ ನಿಲುವಿಗೆ ಒಳ್ಳೆಯ ಉದಾಹರಣೆ ಸಸೆಕ್ಸ್‌ನ ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿದೆ. ಚರ್ಚ್ ಪಕ್ಕದ ಕ್ಲರ್ಜಿ ಹೌಸ್. ಅದೂ ಬೇಲೀಫ್ ತರದ ವೀಲ್ಡನ್ ಮನೆ, ಹುಲ್ಲಿನ ಮಾಡಿನದು. ಹಾಳು ಬೀಳುವ ಸ್ಥಿತಿಯಲ್ಲಿದ್ದ ಅದನ್ನು ಆಗಷ್ಟೇ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಅನ್ನುವ ಸಂರಕ್ಷಣಾ ಸಂಸ್ಥೆ 1896ರಲ್ಲಿ 10 ಪೌಂಡಿಗೆ ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡವೇ ಅದು. ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್ ರಿಪೇರಿ ನೋಡಿಕೊಂಡರು. ಮಾರಿಸ್‌ರ ಸಂಘದ ದಾರಿಯಲ್ಲೇ ಕೆಲಸ ಆಯಿತು. ಅಲ್ಲಿನ ನಡುಮನೆಯ ನೆಲ ಸುಣ್ಣದ ಕಲ್ಲಿನ ಪುಡಿಯನ್ನು ದಮ್ಮಸ್ಸು ಮಾಡಿ, ಹುಳಿ ಹಾಲು ಬಳಿದು ಗಟ್ಟಿ ಮಾಡಿದ್ದು. ಸಸೆಕ್ಸ್‌ನ ಹಳೆಯ ಪದ್ಧತಿ ಅದು.

ಹಾಗಾದರೆ ಬೇಲೀಫ್‌ನಲ್ಲಿ ಹೊಗೆಗೂಡು ಬಿಟ್ಟದ್ದು ಅನ್ಯಾಯವೇ? ನಾನು ಹಾಗೆ ಹೇಳುವುದಿಲ್ಲ. ಆಲ್‌ಫ್ರಿಸ್ಟನ್ ಮನೆ ತನ್ನ ಜಾಗದಲ್ಲೇ ಇದೆ, ಚರ್ಚಿನ ಪಕ್ಕ, ತನ್ನ ಮಣ್ಣಿನ ಮೇಲೆ. ಅದರ ಪ್ರತಿ ಪದರವೂ ಅಲ್ಲೇ ಆದದ್ದು. ಬೇಲೀಫ್‌ನ ಜಾಗ ಜಲಾಶಯಕ್ಕೆ ಹೋಯಿತು. ಹೇಗೂ ಬಿಚ್ಚಲೇಬೇಕಿತ್ತು. ಇಟ್ಟಿಗೆಯ ಹೊಗೆಗೂಡನ್ನು ಮರದ ಹಾಗೆ ಬಿಚ್ಚಿ ಸಾಗಿಸಲು ಬರುವುದಿಲ್ಲ, ಇಲ್ಲಿ ಕಟ್ಟಿದರೂ ಅದು ಹೊಸ ಕೆಲಸವೇ.

ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಕೆಂಟ್‌ನಲ್ಲಿ ಮಧ್ಯಕಾಲದ ಮರದ ಮನೆಗಳು ಇವತ್ತಿಗೂ ಬೇಕಾದಷ್ಟಿವೆ. ಆದರೆ ಹೆಚ್ಚುಕಡಿಮೆ ಎಲ್ಲಕ್ಕೂ ಹೊಗೆಗೂಡು ಬಂದಿದೆ, ಮಹಡಿ ಸೇರಿದೆ, ಜನ ವಾಸ ಇದ್ದಾರೆ. ತೆರೆದ ನಡುಮನೆಯೊಳಗೆ ನಿಂತು, ನೆಲದ ಮೇಲೆ ಬೆಂಕಿ ಉರಿಯುವಾಗ ಹೊಗೆ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಬೆಳಕು ಎಲ್ಲಿಯವರೆಗೆ ಬರುತ್ತದೆ ಅಂತ ನೋಡಲು ಸಾಮಾನ್ಯ ಜನಕ್ಕೆ ಅವಕಾಶ ಸಿಗುವುದು ಅಪರೂಪ. ಬೇಲೀಫ್ ಅದನ್ನು ಕೊಟ್ಟಿತು. ಹತ್ತು ಪುಟ ಓದಿದರೂ ತಿಳಿಯದ್ದು ಅಲ್ಲಿ ಮೈಗೆ ತಿಳಿಯುತ್ತದೆ.

1989ರಲ್ಲಿ ಮನೆಯೊಳಗೆ ಸಾಮಾನು ಜೋಡಿಸಿದಾಗ ಮ್ಯೂಸಿಯಂ ಆರಿಸಿದ್ದು ಸುಮಾರು 1540ರ ಕಾಲ. ಮೇಜು, ಪೆಟ್ಟಿಗೆ, ಮಂಚ ಎಲ್ಲ ಆ ಕಾಲದ ಮಾದರಿಯಲ್ಲಿ ಹೊಸದಾಗಿ ಮಾಡಿಸಿದವು. ಹಳೆಯ ಕಾಲದ ತೋಟಗಳ ತಜ್ಞೆ ಸಿಲ್ವಿಯಾ ಲ್ಯಾಂಡ್ಸ್‌ಬರ್ಗ್ ಯೋಜನೆಯಂತೆ ಪಕ್ಕದಲ್ಲಿ ತರಕಾರಿ, ಸೊಪ್ಪಿನ ತೋಟ ಎದ್ದಿತು. 1540 ಜಾಣ ಆಯ್ಕೆ. ಆ ಹೊತ್ತಿಗೆ ತುದಿಯ ಅಂಕಣ ಒಂದು ತಲೆಮಾರಿನಷ್ಟು ಹಳೆಯದು, ನಡುಮನೆ ನೂರು ವರ್ಷ ದಾಟಿತ್ತು. ಎರಡೂ ಒಂದೇ ಮನೆಯಾಗಿ ಬಾಳುತ್ತಿದ್ದ ಕಾಲ ಅದು.

ನನ್ನ ಆಕ್ಷೇಪ ಒಂದೇ. ಮರುಜೋಡಣೆ ಚೆನ್ನಾಗಿದೆ, ಅತಿಯಾಗಿ ಚೆನ್ನಾಗಿದೆ. ನೋಡಿದವರಿಗೆ ಇದು ಒಂದೇ ಸಲ ಕಟ್ಟಿದ ಮಧ್ಯಕಾಲದ ಮನೆ ಅನಿಸುತ್ತದೆ. ಎರಡು ಕಾಲದ ಮರ, ಬಂದು ಹೋದ ಹೊಗೆಗೂಡು, ಅದರ ಜೊತೆ ಬಾಳಿದ ತಲೆಮಾರುಗಳು, ಇವು ಯಾವುವೂ ಮೊದಲ ನೋಟಕ್ಕೆ ಸಿಗುವುದಿಲ್ಲ. ಸುಮ್ನೆ ಒಂದು ಸುತ್ತು ಹಾಕಿ ಹೋದರೆ ಅರ್ಧ ಕತೆ ತಪ್ಪಿಹೋಗುತ್ತದೆ.

ಅದೇ ಕಣಿವೆಯ ಇನ್ನೊಂದು ಮನೆ

ಬೌ ಬೀಚ್ ಜಾಗದಿಂದಲೇ ವಿಂಕ್‌ಹರ್ಸ್ಟ್ ಅನ್ನುವ ಇನ್ನೊಂದು ಸಣ್ಣ ಕಟ್ಟಡ ಸಿಂಗಲ್‌ಟನ್‌ಗೆ ಬಂತು. ಮ್ಯೂಸಿಯಂನಲ್ಲಿ ಎದ್ದು ನಿಂತ ಮೊದಲ ಕಟ್ಟಡಗಳಲ್ಲಿ ಅದೂ ಒಂದು. ಆಗ ಅದನ್ನು ಒಂದು ಚಿಕ್ಕ ಸ್ವತಂತ್ರ ಮನೆ ಅಂತಲೇ ಓದಿ ಕಟ್ಟಿದ್ದರು. ಮುಂದೆ ಮರಗಳನ್ನು ಇನ್ನೂ ಹತ್ತಿರದಿಂದ ಪರೀಕ್ಷಿಸಿದಾಗ ಅದು ಮನೆಯಲ್ಲ, ದೊಡ್ಡದೊಂದು ಮನೆಗೆ ಸೇರಿದ್ದ ಅಡುಗೆಮನೆ ಅನ್ನುವ ತೀರ್ಮಾನಕ್ಕೆ ಬಂದರು. 2000ದ ದಶಕದ ಮೊದಲಲ್ಲಿ ಅದನ್ನು ಮತ್ತೆ ಬಿಚ್ಚಿ, ಮ್ಯೂಸಿಯಂನೊಳಗೇ ಬೇರೆ ಜಾಗದಲ್ಲಿ ಟ್ಯೂಡರ್ ಅರಸರ ಕಾಲದ ಅಡುಗೆಮನೆಯಾಗಿ ಎಬ್ಬಿಸಿದರು.

ಒಂದು ಸಂಸ್ಥೆ ತನ್ನ ಓದನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ತಿದ್ದಲು ಆಗಿದ್ದು ಹಳೆಯ ಮರಗಳನ್ನು ಬಿಸಾಡದೆ, ಗುರುತುಗಳನ್ನು ಕೆರೆದು ಹಾಕದೆ ಉಳಿಸಿದ್ದರಿಂದ. ಖಾಲಿ ತೂತುಗಳನ್ನು ಹೊಸ ಮರದಿಂದ ಮುಚ್ಚಿ ಪಾಲಿಶ್ ಮಾಡಿದ್ದರೆ ಎರಡನೇ ಓದಿಗೆ ಏನೂ ಉಳಿಯುತ್ತಿರಲಿಲ್ಲ.

ನಮ್ಮಲ್ಲೂ ಇದೇ ಕೆಲಸ ನಡೆದಿದೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆಯಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕೆಡವಿ ಮರ ಮಾರಾಟಕ್ಕೆ ಹೋಗಬಹುದಾಗಿದ್ದ ಮನೆಗಳು ಅವು. ಕರಾವಳಿ, ಮಲೆನಾಡಿನ ಹಳೆಯ ಮನೆ ಬಿಚ್ಚುವ ಯಾರೇ ಆಗಲಿ, ಮರ ಅಲುಗಾಡಿಸುವ ಮೊದಲು ಪ್ರತಿ ಕಂಬ, ಜಂತೆ, ಪಕಾಸಿಗೆ ಅಂಕಿ ಹಾಕಿ, ಚಿತ್ರ ಬರೆದು, ಫೋಟೋ ತೆಗೆದಿಡಲಿ ಅನ್ನುವುದು ನನ್ನ ಆಸೆ. ಆಮೇಲೆ ಹಾಕಿದ ಸಿಮೆಂಟ್ ನೆಲ, ಅಡ್ಡ ಗೋಡೆ, ಮಂಗಳೂರು ಹೆಂಚಿನ ಮಾಡು ಇವನ್ನೂ ಸೇರಿಸಿ. ಅವೂ ಆ ಮನೆಯವರೇ ಬೇಕೆಂದು ಮಾಡಿಸಿದ್ದು.

ಸಿಂಗಲ್‌ಟನ್‌ನಲ್ಲಿ ಮುಂದೆ ಬಂದ ಒಂದು ಮನೆಗೆ ಬೇರೆಯದೇ ಉತ್ತರ ಸಿಕ್ಕಿತು. ವಾಲ್ಡರ್‌ಟನ್ ಹಳ್ಳಿಯಿಂದ ತಂದ ಈ ಮನೆ ಹೊರಗಿನಿಂದ 17ನೇ ಶತಮಾನದ ಚಕಮಕಿ ಕಲ್ಲು, ಇಟ್ಟಿಗೆಯ ಮನೆ. ಒಳಗೆ ಮಧ್ಯಕಾಲದ ತೆರೆದ ನಡುಮನೆಯ ಮಸಿ ಹಿಡಿದ ಮರಗಳು ಅಡಗಿದ್ದವು. 1980ರ ದಶಕದ ಮೊದಲಲ್ಲಿ ಅದನ್ನು ಕಟ್ಟುವಾಗ ಹಿಂದಕ್ಕೆ ಎಳೆಯಲಿಲ್ಲ. 17ನೇ ಶತಮಾನದ ಬದಲಾದ ಮನೆಯನ್ನೇ ಕಟ್ಟಿ, ಹಳೆಯ ಮರ ಎಲ್ಲೆಲ್ಲಿ ಉಳಿದಿದೆ ಅಂತ ತೋರಿಸಿದರು. ಬೇಲೀಫ್‌ಗಾಗಿ ಮಾಡಿದ ತೀರ್ಮಾನವನ್ನೇ ಎಲ್ಲ ಮನೆಗೂ ನಿಯಮ ಮಾಡಿಕೊಳ್ಳಲಿಲ್ಲ, ಅದು ಒಳ್ಳೆಯದೇ ಆಯಿತು.

ಅಲ್ಲಿಗೆ ಹೋಗುವ ಕನ್ನಡಿಗರಿಗೆ, ಲಂಡನ್ ಸುತ್ತಮುತ್ತ ನೆಲೆಸಿದವರಿಗಂತೂ, ನನ್ನ ಸಲಹೆ ಇಷ್ಟೇ. ಬೇಲೀಫ್ ಒಂದನ್ನೇ ನೋಡಿ ಬರಬೇಡಿ. ಮೊದಲು ಅದರ ನಡುಮನೆಯಲ್ಲಿ ತಲೆಯೆತ್ತಿ ಮಾಡು ನೋಡಿ, ಯಜಮಾನನ ತುದಿಯ ಮರ ಬೇರೆ ಕಾಲದ್ದು ಅನ್ನುವುದನ್ನು ನೆನಪಿಟ್ಟುಕೊಂಡು ಎದುರು ಗೋಡೆ ನೋಡಿ. ಆಮೇಲೆ ಸಸೆಕ್ಸ್‌ನದೇ ಆದ ವಾಷಿಂಗ್‌ಟನ್ ಹಳ್ಳಿಯಿಂದ ಬಂದ ಪಾಪ್ಲರ್ ಕಾಟೇಜ್‌ಗೆ ಹೋಗಿ. ಅಲ್ಲಿ ಹೊಗೆಯನ್ನು ಮನೆಯ ತುಂಬ ಬಿಡದೆ ಒಂದು ಕಿರಿದಾದ ಅಂಕಣಕ್ಕೆ ಮಾತ್ರ ಕಟ್ಟಿಹಾಕಿದ್ದಾರೆ, ಹೊಗೆಗೂಡಿಗೆ ಮುಂಚಿನ ಹೆಜ್ಜೆ ಅದು. ಅಲ್ಲಿಂದ ಮಿಡ್‌ಹರ್ಸ್ಟ್ ಕಡೆಯ ಪೆಂಡೀನ್ ಮನೆಗೆ. 1609ರ ಮರದ ಆ ಮನೆಯನ್ನು ಮೊದಲಿನಿಂದಲೇ ನಡುವೆ ಇಟ್ಟಿಗೆಯ ಹೊಗೆಗೂಡು ಇಟ್ಟು, ಪೂರ್ತಿ ಮಹಡಿ ಹಾಕಿ ಕಟ್ಟಿದ್ದಾರೆ. ಕೊನೆಗೆ ವಾಲ್ಡರ್‌ಟನ್. ಬೇಲೀಫ್‌ನಿಂದ ತೆಗೆದುಹಾಕಿದ ಆ ನೂರಾರು ವರ್ಷಗಳ ಬದುಕು ಹೇಗಿತ್ತು ಅಂತ ಈ ಮೂರು ಮನೆಗಳಲ್ಲಿ ಸಿಗುತ್ತದೆ.